ಆಪರೇಟರ್ ರೂಮಿನ ಕಿಂಡಿಯಿಂದ: ಬಂಕರಿನಲ್ಲಿ ಸತ್ತ ಆ ಅಧಿಕಾರಿ ಯಾರು?

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ ಒಂದು ಸಾಲು ಸೇರಿಸಿಬಿಟ್ಟಿದ್ದೆ. "'ಪ್ಲಟೂನ್' ಸಿನಿಮಾದಲ್ಲಿ ನಿರ್ದೇಶಕನೇ ಬಂದು, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತೂ ಹೋಗುತ್ತಾನೆ" ಅಂತ. ವಿಯೆಟ್ನಾಂ ಯುದ್ಧದ ಇಂಗ್ಲಿಷ್ ಸಿನಿಮಾ ಅದು. ಸುಮ್ನೆ ಬಾಯಿಗೆ ಬಂದ ಮಾತು. ಈ ತಿಂಗಳು ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಆ ಸಾಲಿನ ಬೆನ್ನು ಹತ್ತಿ ಬಂದಿವೆ. ಹಾಗಾಗಿ ಈ ಸಲ ಅದೊಂದೇ ವಿಷಯ. ನಾಯಕಿಯರ ವಯಸ್ಸು ಕೇಳಿದ ಮೂವರು ಮುಂದಿನ ತಿಂಗಳವರೆಗೆ ಕಾಯಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ಸಿನಿಮಾ ಪಂಡಿತನಲ್ಲ. ತುಮಕೂರಿನ ಒಂದು ಥಿಯೇಟರಿನಲ್ಲಿ 31 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಪ್ರೇಕ್ಷಕರು ಒಂದು ಸಿನಿಮಾವನ್ನು ಒಂದು ಸಲ ನೋಡಿ ಹೋಗುತ್ತಾರೆ. ನಾವು ಗೋಡೆಯ ಕಿಂಡಿಯಿಂದ ಅದನ್ನೇ ದಿನಕ್ಕೆ ನಾಲ್ಕು ಸಲ ನೋಡುತ್ತೇವೆ. ಹೀರೋ ಮುಖ ಮೂರನೇ ದಿನಕ್ಕೆ ಬೇಜಾರಾಗುತ್ತದೆ. ಆಮೇಲೆ ಕಣ್ಣು ಹಿಂದೆ ನಿಂತವರ ಮೇಲೆ ಹೋಗುತ್ತದೆ. ನನಗೆ ಗೊತ್ತಿರುವುದೆಲ್ಲ ಹಾಗೆ ಗೊತ್ತಾದದ್ದು.

ಆಪರೇಟರ್ ಅಣ್ಣ, ನೀವು ಬರೆದ ಮೇಲೆ 'ಪ್ಲಟೂನ್' ಅನ್ನು ಮೊಬೈಲಿನಲ್ಲಿ ಎರಡು ಸಲ ನೋಡಿದೆ. ನಿರ್ದೇಶಕ ಕಾಣಲೇ ಇಲ್ಲ. ಎಲ್ಲಿದ್ದಾನೆ?
*ಬಿ.ಎಸ್ಸಿ. ವಿದ್ಯಾರ್ಥಿ, ಶಿರಾ*

ಅಂಗೈ ಅಗಲದ ಪರದೆ, ಅದರಲ್ಲೂ ರಾತ್ರಿ ಯುದ್ಧ. ಎಲ್ಲಿ ಕಾಣಬೇಕು ತಮ್ಮಾ? ಜಾಗ ಹೇಳುತ್ತೇನೆ, ಇನ್ನೊಂದು ಸಲ ನೋಡು. ಕೊನೆಯ ದೊಡ್ಡ ಕಾಳಗ ಬರುತ್ತದಲ್ಲ, ಕಾಡಿನ ನಡುವೆ ಇರುವ ಅಮೆರಿಕನ್ನರ ಬಿಡಾರದ ಮೇಲೆ ವಿಯೆಟ್ನಾಂ ಸೈನಿಕರು ಕತ್ತಲಲ್ಲಿ ಮುಗಿಬೀಳುವುದು? ಅಲ್ಲಿ ಬಂಕರಿನೊಳಗೆ ಒಬ್ಬ ಮೇಲಧಿಕಾರಿ ಇರುತ್ತಾನೆ, ಬೆಟಾಲಿಯನ್ ಕಮಾಂಡರ್. ಸಿಡಿಮದ್ದು ಹೊತ್ತ ಒಬ್ಬ ಎಲ್ಲಿಂದಲೋ ಓಡಿ ಬಂದು ಆ ಬಂಕರಿಗೆ ನುಗ್ಗುತ್ತಾನೆ. ಢಂ! ಬಂಕರೂ ಇಲ್ಲ, ಅಧಿಕಾರಿಯೂ ಇಲ್ಲ. ಆ ಅಧಿಕಾರಿಯೇ ಆಲಿವರ್ ಸ್ಟೋನ್.

ಇಷ್ಟು ಹೇಳಿದರೆ ನಿನ್ನ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ನನಗೆ ಮುಗಿಯುವುದಿಲ್ಲ.

ಆ ಸಿನಿಮಾ ನಮ್ಮ ಥಿಯೇಟರಿಗೆ ಬಂದದ್ದು 1988ರಲ್ಲಿ ಇರಬೇಕು. ಆಗ ಇಂಗ್ಲಿಷ್ ಸಿನಿಮಾ ಅಂದರೆ ಮಾರ್ನಿಂಗ್ ಶೋ, ಒಂದು ವಾರ, ದಿನಕ್ಕೆ ಒಂದೇ ಆಟ. ಉಳಿದ ಮೂರು ಆಟಕ್ಕೆ ಕನ್ನಡ ಸಿನಿಮಾ ಇದ್ದೇ ಇರುತ್ತಿತ್ತು. ಬೆಂಗಳೂರಿನಲ್ಲಿ ಓಡಿ ಓಡಿ ಸವೆದ ಪ್ರಿಂಟು ನಮ್ಮ ಪಾಲಿಗೆ. ಬಸ್ಸಿನ ಟಾಪ್ ಮೇಲೆ ತಗಡಿನ ಬಾಕ್ಸ್ ಬರುತ್ತಿತ್ತು. ಬಾಲ್ಕನಿಯಲ್ಲಿ ಹತ್ತು ಜನ, ಗಾಂಧಿ ಕ್ಲಾಸಿನಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದ ಹುಡುಗರು, ಅಷ್ಟೇ ಕಲೆಕ್ಷನ್.

ಆ ಹತ್ತು ಜನರಲ್ಲಿ ಒಬ್ಬರು ಮಿಲಿಟರಿಯಿಂದ ನಿವೃತ್ತರಾದವರು. ಊರವರಿಗೆಲ್ಲ ಅವರು ಸುಬೇದಾರ್ ಸಾಹೇಬರು. ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, 1971ರ ಯುದ್ಧ ಕಂಡವರು. ಸಿನಿಮಾ ಚಟ ಏನೂ ಇರಲಿಲ್ಲ. ಯುದ್ಧದ್ದು ಅಂತ ಯಾರೋ ಹೇಳಿದ್ದಕ್ಕೆ ಸೋಮವಾರ ಬಂದರು. ಮಂಗಳವಾರ ಮತ್ತೆ ಬಂದರು. ಬುಧವಾರ ಆಟ ಮುಗಿದ ಮೇಲೆ ಕಬ್ಬಿಣದ ಮೆಟ್ಟಿಲು ಹತ್ತಿ ನಮ್ಮ ರೂಮಿಗೇ ಬಂದುಬಿಟ್ಟರು. ನಾನು ಕಾರ್ಬನ್ ಕಡ್ಡಿ ಬದಲಾಯಿಸುತ್ತಿದ್ದೆ.

"ಆ ಬಂಕರಲ್ಲಿ ಸಾಯ್ತಾನಲ್ಲ, ಅವ್ನು ಯಾರಯ್ಯ?" ಅಂದರು.

"ಗೊತ್ತಿಲ್ಲ ಸಾರ್. ಯಾರೋ ಚಿಲ್ಲರೆ ಆಕ್ಟರ್ ಇರಬೇಕು."

"ಆಕ್ಟರ್ ಅಲ್ಲ ಕಣಯ್ಯ ಅವ್ನು. ಅಲ್ಲಿದ್ದು ಬಂದವ್ನು. ನಿಂತಿರೋದು ನೋಡಿದ್ರೆ ಗೊತ್ತಾಗುತ್ತೆ."

ನಾನು ನಕ್ಕು ಸುಮ್ಮನಾದೆ. ಆತನನ್ನು ತೋರಿಸುವುದೇ ಕೆಲವು ಕ್ಷಣ. ಅದರಲ್ಲಿ ಇವರಿಗೆ ನಿಲುವು ಎಲ್ಲಿ ಕಂಡಿತು ಅಂತ. ಐದಾರು ವರ್ಷ ಕಳೆದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ಪತ್ರಿಕೆ ಸಿಕ್ಕಿತು. ಸ್ಟೋನ್ ಫೋಟೋ ನೋಡಿ ಅಲ್ಲೇ ಫುಟ್‌ಪಾತಿನಲ್ಲಿ ನಿಂತುಬಿಟ್ಟೆ. ಅದೇ ಮುಖ. ಓದಿದರೆ, ಆತ 1967ರಲ್ಲಿ ತಾನಾಗಿಯೇ ಸೈನ್ಯ ಸೇರಿ ವಿಯೆಟ್ನಾಮಿಗೆ ಹೋದವನು. ಕಾಲಾಳು ಪಡೆಯಲ್ಲಿ ಸಾಮಾನ್ಯ ಸೈನಿಕ. ಎರಡು ಸಲ ಗಾಯಗೊಂಡವನು. 1968ರ ಜನವರಿ 1ರಂದು ಅವನ ಬೆಟಾಲಿಯನ್ನಿನ ಬಿಡಾರದ ಮೇಲೆ ದೊಡ್ಡ ದಾಳಿ ಆಯಿತು. ಸಿನಿಮಾದ ಕೊನೆಯ ಕಾಳಗಕ್ಕೆ ಆ ರಾತ್ರಿಯೇ ಆಧಾರ. ಸುಬೇದಾರ್ ಸಾಹೇಬರು ಹೇಳಿದ್ದು ಅಕ್ಷರಶಃ ನಿಜ. ಅಲ್ಲಿದ್ದು ಬಂದವನು.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಆ ಸಿನಿಮಾದ ನಾಯಕ ಕ್ರಿಸ್ ಅನ್ನುವ ಹುಡುಗ, ಓದು ಬಿಟ್ಟು ಸೈನ್ಯಕ್ಕೆ ಬಂದವನು. ಅವನು ಸ್ಟೋನ್‌ನದೇ ಹಳೆಯ ರೂಪ. 1968ರಲ್ಲಿ ತಾನು ನಿಂತಿದ್ದ ಜಾಗದಲ್ಲಿ ಸ್ಟೋನ್ ಈ ಹುಡುಗನನ್ನು ನಿಲ್ಲಿಸಿದ. ತಾನು ಹೋಗಿ ಎಲ್ಲಿ ನಿಂತ? ಹುಡುಗರನ್ನು ಸಾಯಲು ಕಳಿಸುವ ಅಧಿಕಾರಿಯ ಜಾಗದಲ್ಲಿ. ನಿಂತು, ತನ್ನ ಮೇಲೇ ಬಾಂಬು ಹಾಕಿಸಿಕೊಂಡ. ಹುಡುಗ ಬದುಕಿ ಉಳಿದ. ಸಿನಿಮಾ ಸೆಟ್ಟಿನಲ್ಲಿ ಹುಡುಗರಿಗೆ ಆಜ್ಞೆ ಕೊಡುವವನು ಯಾರು? ನಿರ್ದೇಶಕನೇ ಅಲ್ವಾ? ಈ ಪಾತ್ರಕ್ಕೆ ಅವನಿಗಿಂತ ಒಳ್ಳೆಯ ಆಯ್ಕೆ ನನಗಂತೂ ತೋಚುವುದಿಲ್ಲ.

ಅಂದಿನಿಂದ ನನಗೊಂದು ಚಟ ಹತ್ತಿತು. ಯುದ್ಧದ ಸಿನಿಮಾ ಅಂದರೆ ನಿರ್ದೇಶಕ ಎಲ್ಲಾದರೂ ನಿಂತಿದ್ದಾನಾ ಅಂತ ಹುಡುಕುವುದು. ನಿಂತಿದ್ದರೆ ಯಾವ ಜಾಗ ಆರಿಸಿಕೊಂಡ ಅಂತ ನೋಡುವುದು. ಇಡೀ ಸೈನ್ಯವೇ ಅವನ ಕೈಯಲ್ಲಿದೆ, ಯಾವ ವೇಷ ಬೇಕಾದರೂ ಹಾಕಬಹುದು. ಅವನು ಏನು ಹಾಕಿಕೊಂಡ ಅನ್ನುವುದರಲ್ಲಿ ಅವನ ಮನಸ್ಸು ಸಿಕ್ಕಿಬಿಡುತ್ತದೆ.

ಇನ್ನೊಂದು ಮರೆತೆ. ಅದೇ ಕಾಳಗದಲ್ಲಿ ಕ್ಯಾಪ್ಟನ್ ಹ್ಯಾರಿಸ್ ಅಂತ ಒಬ್ಬ, ತನ್ನ ಬಿಡಾರದ ಮೇಲೇ ಬಾಂಬು ಹಾಕಿ ಅಂತ ವಿಮಾನದವರಿಗೆ ಹೇಳುತ್ತಾನೆ. ಅವನೂ ನಿಜವಾದ ಮಿಲಿಟರಿಯವನೇ. ಡೇಲ್ ಡೈ, ಮರೀನ್ ಪಡೆಯ ನಿವೃತ್ತ ಕ್ಯಾಪ್ಟನ್. ನಟರನ್ನೆಲ್ಲ ಶೂಟಿಂಗಿಗೆ ಮುಂಚೆ ಎರಡು ವಾರ ಕಾಡಿನಲ್ಲಿ ಮಲಗಿಸಿ, ಗುಂಡಿ ತೋಡಿಸಿ ಪಳಗಿಸಿದವನು. ಸುಬೇದಾರ್ ಸಾಹೇಬರು ಅವನ ಬಗ್ಗೆ ಏನೂ ಹೇಳಲಿಲ್ಲ. ಬಹುಶಃ ಅವನನ್ನು ನೋಡಿ ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ.

ಇದೆಲ್ಲ ಖರ್ಚು ಉಳಿಸುವ ಉಪಾಯ, ಇಲ್ಲವಾದರೆ ಮುಖ ತೋರಿಸುವ ಚಪಲ. ನೀವು ಇಲ್ಲದ ಅರ್ಥ ಹಚ್ಚುತ್ತಿದ್ದೀರಿ ಅನ್ನಿಸುತ್ತದೆ.
*ನಿವೃತ್ತ ಶಿಕ್ಷಕರು, ಗುಬ್ಬಿ*

ಮೇಷ್ಟ್ರೇ, ಅರ್ಧ ನಿಮ್ಮ ಮಾತೇ ಸರಿ. ನಟ ಬರಲಿಲ್ಲ, ಬಿಸಿಲು ಇಳಿಯುತ್ತಿದೆ, ಒಂದು ಸಾಲು ಮಾತು ಹೇಳಲು ಯಾರಾದರೂ ಬೇಕು. ನಿರ್ದೇಶಕ ತಾನೇ ಟೋಪಿ ಹಾಕಿಕೊಂಡು ಕ್ಯಾಮೆರಾ ಮುಂದೆ ಹೋಗುತ್ತಾನೆ. ಎಲ್ಲ ಊರಲ್ಲೂ ನಡೆಯುತ್ತದೆ. ಚಪಲವೂ ಉಂಟು. ಹೀರೋ ಪಕ್ಕ ನಿಂತು ಕೂಲಿಂಗ್ ಗ್ಲಾಸ್ ತೆಗೆಯುವ ನಿರ್ದೇಶಕರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಬಗ್ಗೆ ನನ್ನ ಮಾತಿಲ್ಲ.

ಆದರೆ ಗುಬ್ಬಿಯಲ್ಲಿ ಕೂತು ನೀವು ಈ ಪ್ರಶ್ನೆ ಕೇಳಬಹುದೇ? ನಿಮ್ಮೂರ ಕಂಪನಿಯಲ್ಲಿ ವೀರಣ್ಣನವರು ಮಾಲೀಕರು. 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಅಷ್ಟು ದೊಡ್ಡ ಕಂಪನಿಯ ಯಜಮಾನರಿಗೆ ಯಾವ ಕಿರೀಟ ಬೇಕಾದರೂ ಸಿಗುತ್ತಿತ್ತು. ಆದರೆ ಜನ ಅವರನ್ನು ನೆನೆಯುವುದು ಯಾವುದಕ್ಕೆ? 'ಸದಾರಮೆ'ಯ ಕಳ್ಳನ ಪಾತ್ರಕ್ಕೆ. ಅದು ಚಿಕ್ಕ ಪಾತ್ರ ಅಲ್ಲ, ಒಪ್ಪಿದೆ. ಅದನ್ನು ನೋಡುವುದಕ್ಕೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅಂತ ನಮ್ಮ ತಾತ ಹೇಳುತ್ತಿದ್ದರು. ನಾನು ಹೇಳುವುದು ಬೇರೆ. ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡವರು ರಂಗದ ಮೇಲೆ ಕಳ್ಳನಾಗಿ ಬಂದರೆ, ಟಿಕೆಟ್ ಕೊಂಡವನಿಗೆ ಒಳಗೊಳಗೇ ಒಂದು ಖುಷಿ. ಆ ಖುಷಿ ವೀರಣ್ಣನವರಿಗೆ ಚೆನ್ನಾಗಿ ಗೊತ್ತಿತ್ತು.

ಯುದ್ಧದ ಸಿನಿಮಾದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಅಂದರೆ ರಿಚರ್ಡ್ ಅಟೆನ್‌ಬರೋ. ನಮಗೆಲ್ಲ ಆತ 1982ರ 'ಗಾಂಧಿ'ಯ ನಿರ್ದೇಶಕ. ಅದಕ್ಕೆ ಐದು ವರ್ಷ ಮುಂಚೆ, 1977ರಲ್ಲಿ, 'ಎ ಬ್ರಿಡ್ಜ್ ಟೂ ಫಾರ್' ಅಂತ ಎರಡನೇ ಮಹಾಯುದ್ಧದ ಸಿನಿಮಾ ಮಾಡಿದ. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಸೇತುವೆಗಳನ್ನು ಹಿಡಿಯಲು ಮಿತ್ರಪಡೆ ಆಕಾಶದಿಂದ ಸೈನಿಕರನ್ನು ಇಳಿಸಿ ಸೋತ ಕಥೆ. ಶಾನ್ ಕಾನರಿ, ಮೈಕೆಲ್ ಕೇನ್, ರಾಬರ್ಟ್ ರೆಡ್‌ಫೋರ್ಡ್, ಲಾರೆನ್ಸ್ ಒಲಿವಿಯರ್, ಹೀಗೆ ಪೋಸ್ಟರಿನಲ್ಲಿ ಜಾಗ ಸಾಲದಷ್ಟು ಸ್ಟಾರ್‌ಗಳು. ನಕ್ಷೆ ಹರಡಿಕೊಂಡು ಯೋಜನೆ ಹಾಕುವ ಜನರಲ್‌ಗಳ ಸಾಲೇ ಇದೆ. ಅದರಲ್ಲೊಂದು ಸಮವಸ್ತ್ರ ತನಗೂ ಹೊಲಿಸಿಕೊಳ್ಳಬಹುದಿತ್ತು. ಅಟೆನ್‌ಬರೋ ಏನಾದ ಗೊತ್ತಾ? ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಅಲೆಯುವವರಲ್ಲಿ ಒಬ್ಬ, ಕನ್ನಡಕ ಹಾಕಿಕೊಂಡವನು. ಟೈಟಲ್ ಕಾರ್ಡಿನಲ್ಲಿ ಆ ಪಾತ್ರಕ್ಕೆ ಹೆಸರೂ ಹಾಕಿಸಿಕೊಂಡಿಲ್ಲ. ಪೂರ್ತಿ ಸಜ್ಜಾಗಿ ಇಳಿದು ಬಂದ ಸೈನಿಕರನ್ನು ನೋಡಿ ಆ ಗುಂಪು ನಗುತ್ತದೆ. ಮೂರು ಗಂಟೆ ಸಿನಿಮಾದಲ್ಲಿ ಆ ಯೋಜನೆಯ ಬಗ್ಗೆ ಸರಿಯಾದ ಅಭಿಪ್ರಾಯ ಕೊಟ್ಟವರು ಅವರೊಬ್ಬರೇ ಅಂತ ನನ್ನ ಲೆಕ್ಕ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ 1977ರಲ್ಲಿ ಸತ್ಯಜಿತ್ ರೇ ಅವರ 'ಶತರಂಜ್ ಕೆ ಖಿಲಾಡಿ' ಬಂತು. ಅದರಲ್ಲಿ ಅವಧದ ನವಾಬನ ರಾಜ್ಯ ನುಂಗುವ ಜನರಲ್ ಔಟ್ರಮ್ ಯಾರು? ಇದೇ ಅಟೆನ್‌ಬರೋ. ಬೇರೆಯವರ ಸಿನಿಮಾದಲ್ಲಿ ಜನರಲ್, ಸ್ವಂತ ಸಿನಿಮಾದಲ್ಲಿ ಹುಚ್ಚ. ಇದನ್ನು ಚಪಲ ಅನ್ನುವುದಾದರೆ ಅನ್ನಿ ಮೇಷ್ಟ್ರೇ, ನನಗೇನೂ ತಕರಾರಿಲ್ಲ.

'ಪ್ಲಟೂನ್' ಹೀರೋ ಅಪ್ಪನೂ ಇಂಥದ್ದೇ ಸಿನಿಮಾದಲ್ಲಿ ಹೀರೋ ಅಂತೆ, ಹೌದಾ? ಅದರಲ್ಲೂ ನಿರ್ದೇಶಕ ಬರ್ತಾನಾ?
*ಟೈಲರ್, ಮಧುಗಿರಿ*

ಎರಡಕ್ಕೂ ಹೌದು. ಮಗ ಚಾರ್ಲಿ ಶೀನ್, ಅಪ್ಪ ಮಾರ್ಟಿನ್ ಶೀನ್. ಅಪ್ಪನ ಸಿನಿಮಾ 'ಅಪಾಕಲಿಪ್ಸ್ ನೌ', 1979. ಕಥೆ ವಿಯೆಟ್ನಾಮಿನದು, ಶೂಟಿಂಗ್ ಫಿಲಿಪ್ಪೀನ್ಸ್‌ನಲ್ಲಿ. ಮಗನದೂ ಅಷ್ಟೇ. ಅಪ್ಪನ ಕಾಲದಲ್ಲಿ ಅಲ್ಲಿ ಮಾರ್ಕೋಸ್ ಆಳುತ್ತಿದ್ದ, ಹೆಲಿಕಾಪ್ಟರುಗಳನ್ನು ಅವನ ಸೈನ್ಯದಿಂದ ಎರವಲು ತಂದಿದ್ದರು. ಶಾಟ್ ನಡುವೆಯೇ ನಿಜವಾದ ಬಂಡುಕೋರರ ಮೇಲೆ ಹೋಗಬೇಕು ಅಂತ ಅವು ಹಾರಿ ಹೋಗುತ್ತಿದ್ದವು. 1986ರಲ್ಲಿ ಮಗನ ತಂಡ ಹೋಗುವ ಹೊತ್ತಿಗೆ ಜನ ದಂಗೆಯೆದ್ದು ಆ ಮಾರ್ಕೋಸನೇ ಓಡಿಹೋದ. ಅಪ್ಪನ ಶೂಟಿಂಗು ಸುಖವಾಗಿ ನಡೆಯಿತು ಅಂದುಕೊಳ್ಳಬೇಡಿ. ಚಂಡಮಾರುತಕ್ಕೆ ಸೆಟ್ಟುಗಳು ಕೊಚ್ಚಿಹೋದವು. ಮಾರ್ಟಿನ್ ಶೀನ್‌ಗೆ ಹೃದಯಾಘಾತವೇ ಆಯಿತು.

ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಶೀನ್ ದಡಕ್ಕೆ ಇಳಿದು ಬರುತ್ತಾನೆ. ಸುತ್ತ ಬೆಂಕಿ, ಹೊಗೆ, ಗುಂಡಿನ ಸದ್ದು. ಆ ಗದ್ದಲದಲ್ಲಿ ಒಂದು ಟಿ.ವಿ. ತಂಡ ಕ್ಯಾಮೆರಾ ಹಿಡಿದು ನಿಂತಿದೆ. ಗಡ್ಡದವನೊಬ್ಬ ಸೈನಿಕರಿಗೆ ಕೈ ಬೀಸಿ ಕೂಗುತ್ತಾನೆ: ಕ್ಯಾಮೆರಾ ನೋಡಬೇಡಿ, ಯುದ್ಧ ಮಾಡುತ್ತಿರುವವರ ಹಾಗೆ ಹೋಗ್ತಾ ಇರಿ, ಇದು ಟಿ.ವಿ.ಗೆ! ಅವನೇ ಕೊಪ್ಪೊಲಾ. ಅವನ ಜೊತೆಗಿರುವವರೂ ನಟರಲ್ಲ. ಸಿನಿಮಾದ ನಿಜವಾದ ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ, ಕಲಾ ನಿರ್ದೇಶನ ನೋಡಿಕೊಂಡ ಡೀನ್ ಟವುಲಾರಿಸ್.

ಇದು ನೋಡಲು ಚೇಷ್ಟೆ. ಸ್ವಲ್ಪ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಯುದ್ಧ ಮಾಡುತ್ತಿರುವವರಿಗೆ ಯುದ್ಧ ಮಾಡುವವರ ಹಾಗೆ ನಟಿಸಿ ಅನ್ನುವುದು! ಮನೆಮನೆಯ ಟಿ.ವಿ.ಯಲ್ಲಿ ದಿನಾ ಬಂದ ಮೊದಲ ಯುದ್ಧ ಅಂದರೆ ವಿಯೆಟ್ನಾಮಿನದೇ. ಕೊಪ್ಪೊಲಾ ಅದನ್ನು ಆಡಿಕೊಳ್ಳುತ್ತಿದ್ದಾನೆ. ಆಡಿಕೊಳ್ಳುವಾಗ ತನ್ನನ್ನೂ ಬಿಟ್ಟಿಲ್ಲ. ಹತ್ತು ಗಂಟೆಗೆ ಅವನು ನಿಜವಾಗಿ ಕೂಗುತ್ತಿದ್ದ ಮಾತನ್ನೇ ಹನ್ನೊಂದು ಗಂಟೆಗೆ ಪಾತ್ರವಾಗಿ ಕೂಗಿರಬೇಕು. ನಮ್ಮೂರ ಮದುವೆಗಳಲ್ಲಿ ವಿಡಿಯೋದವರು "ತಾಳಿ ಇನ್ನೊಂದ್ ಸಲ ಕಟ್ಟಿ" ಅನ್ನುವಾಗೆಲ್ಲ ನನಗೆ ಆ ಗಡ್ಡದವನು ನೆನಪಾಗುತ್ತಾನೆ.

ಹಿಚ್‌ಕಾಕ್ ತನ್ನ ಹೆಚ್ಚಿನ ಸಿನಿಮಾಗಳಲ್ಲಿ ಒಂದು ಸಲ ಹಾದು ಹೋಗುತ್ತಾನಂತೆ. ಯುದ್ಧದ ಕಾಲದ ಸಿನಿಮಾದಲ್ಲೂ ಬಂದಿದ್ದಾನಾ?
*ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವವರು, ಕೊರಟಗೆರೆ*

ನೀವೇ ಕೇಳಿದ್ದು ಎಂಥ ಕಾಕತಾಳೀಯ! 1944ರ 'ಲೈಫ್‌ಬೋಟ್' ನೋಡಿ. ಜರ್ಮನ್ನರು ಹಡಗು ಮುಳುಗಿಸಿದ್ದಾರೆ. ಬದುಕಿ ಉಳಿದ ಒಂದಷ್ಟು ಜನ ಒಂದೇ ದೋಣಿಯಲ್ಲಿ. ಸುತ್ತ ಬರೀ ನೀರು. ಸಿನಿಮಾ ಪೂರ್ತಿ ಆ ದೋಣಿ ಬಿಟ್ಟು ಆಚೆ ಹೋಗುವುದಿಲ್ಲ. ಇಲ್ಲಿ ದಪ್ಪನೆಯ ಹಿಚ್‌ಕಾಕ್ ಹಾದು ಹೋಗುವುದು ಎಲ್ಲಿಂದ? ಹೆಣವಾಗಿ ತೇಲಿ ಬರೋಣ ಅಂತಲೂ ಯೋಚಿಸಿದ್ದನಂತೆ. ಆಗ ಆತ ತೂಕ ಇಳಿಸುತ್ತಿದ್ದ ಕಾಲ. ದೋಣಿಯಲ್ಲಿ ಒಬ್ಬ ಓದುವ ಹಳೇ ಪೇಪರಿನಲ್ಲಿ ತೂಕ ಇಳಿಸುವ ಔಷಧಿಯ ಜಾಹೀರಾತು ಇದೆ. ಔಷಧಿಯ ಹೆಸರು 'ರೆಡ್ಯೂಕೊ'. ಮೊದಲು ಹೀಗಿದ್ದೆ, ಈಗ ಹೀಗಾದೆ ಅಂತ ಎರಡು ಫೋಟೋ. ಎರಡೂ ಹಿಚ್‌ಕಾಕ್‌ನವೇ! ಆ ಔಷಧಿ ಬರೀ ಕಲ್ಪನೆ. ಆದರೂ ಎಲ್ಲಿ ಸಿಗುತ್ತದೆ ಅಂತ ಜನ ಕಾಗದ ಬರೆದರಂತೆ. ಮೊದಲೆಲ್ಲ ಫ್ರೇಮು ತುಂಬಿಸಲು ಜನ ಸಾಲದೆ ಆತ ನಿಂತದ್ದು, ಆಮೇಲೆ ಅದೇ ವಾಡಿಕೆಯಾಯಿತು. ಕೊನೆಕೊನೆಗೆ ಜನ ಕಥೆ ಬಿಟ್ಟು ಇವನನ್ನೇ ಹುಡುಕುತ್ತಾರೆ ಅಂತ ಆದಷ್ಟು ಬೇಗ ಬಂದು ಹೋಗುತ್ತಿದ್ದ. ಗುಬ್ಬಿ ಮೇಷ್ಟ್ರು ಹೇಳಿದ ಖರ್ಚಿನ ಲೆಕ್ಕ ಇಲ್ಲಿ ಸ್ವಲ್ಪ ಹೊಂದುತ್ತದೆ.

ಮುಖ ತೋರಿಸದೆ ಬರೀ ದನಿ ಕೊಟ್ಟ ನಿರ್ದೇಶಕರು ಇದ್ದಾರಾ ಅಣ್ಣ? ನಾನು ಆಕಾಶವಾಣಿ ಕೇಳಿ ಬೆಳೆದವಳು, ಅದಕ್ಕೆ ಕೇಳಿದೆ.
*ಗೃಹಿಣಿ, ಕುಣಿಗಲ್*

ಇದ್ದಾರೆ ತಂಗಿ. ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ಮೇಲಿನದು ಅದೇ.

ಡೇವಿಡ್ ಲೀನ್ ಹೆಸರು ಕೇಳಿರಬಹುದು. ನಿಮಗೆ ಪಕ್ಕದ ಮಾಗಡಿಯ ಸಾವನದುರ್ಗಕ್ಕೇ ಬಂದು, 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಶೂಟಿಂಗ್ ಮಾಡಿದವನು. ಅವನ 1962ರ 'ಲಾರೆನ್ಸ್ ಆಫ್ ಅರೇಬಿಯಾ' ಮೊದಲನೇ ಮಹಾಯುದ್ಧದ ಸಿನಿಮಾ. ಲಾರೆನ್ಸ್ ಒಬ್ಬ ಇಂಗ್ಲಿಷ್ ಅಧಿಕಾರಿ, ಅರಬರ ಜೊತೆ ಸೇರಿ ತುರ್ಕರ ವಿರುದ್ಧ ಹೋರಾಡುವವನು. ಮರಳುಗಾಡು ದಾಟಿ, ಅರಬರ ಬಟ್ಟೆಯಲ್ಲಿ, ಮೈತುಂಬ ಧೂಳು ಮೆತ್ತಿಕೊಂಡು ಸೂಯೆಜ್ ಕಾಲುವೆ ದಡಕ್ಕೆ ಬಂದು ನಿಲ್ಲುತ್ತಾನೆ. ಆಚೆ ದಡದಲ್ಲಿ ಒಬ್ಬ ಮೋಟಾರ್ ಸೈಕಲ್ ಸವಾರ. ಇವನನ್ನು ನೋಡಿ ಗಾಡಿ ನಿಲ್ಲಿಸಿ ಕೂಗುತ್ತಾನೆ, "ನೀನು ಯಾರು?" ಅಂತ. ಮತ್ತೊಮ್ಮೆ ಕೂಗುತ್ತಾನೆ, "ನೀನು ಯಾರು?" ಲಾರೆನ್ಸ್ ಬಾಯಲ್ಲಿ ಉತ್ತರವಿಲ್ಲ. ಸುಮ್ಮನೆ ನೋಡುತ್ತಾನೆ. ಮೂರೂವರೆ ಗಂಟೆಗೂ ಜಾಸ್ತಿ ಇರುವ ಆ ಸಿನಿಮಾ ಕೇಳುವುದು ಆ ಒಂದೇ ಪ್ರಶ್ನೆ. ಆ ಸವಾರನ ದನಿ ಲೀನ್‌ನದು.

ಸ್ಟ್ಯಾನ್ಲಿ ಕುಬ್ರಿಕ್ ಇನ್ನೊಬ್ಬ. 1987ರ 'ಫುಲ್ ಮೆಟಲ್ ಜಾಕೆಟ್'. ಇದೂ ವಿಯೆಟ್ನಾಂ, ಆದರೆ ಆತ ವಿಮಾನ ಹತ್ತುವವನಲ್ಲ. ಲಂಡನ್ನಿನ ಪಾಳುಬಿದ್ದ ಗ್ಯಾಸ್ ಕಾರ್ಖಾನೆಯಲ್ಲೇ ವಿಯೆಟ್ನಾಮಿನ ಊರು ಕಟ್ಟಿಸಿ, ಸ್ಪೇನಿನಿಂದ ತಾಳೆ ಜಾತಿಯ ಮರ ತರಿಸಿ ನೆಡಿಸಿದ. ಸಿಕ್ಕಿಬಿದ್ದ ಸೈನಿಕರು ವೈರ್‌ಲೆಸ್ಸಿನಲ್ಲಿ ಸಹಾಯ ಕೇಳಿದಾಗ ಆ ಕಡೆಯಿಂದ ಮಾತಾಡುವ ಮರ್ಫಿ ಅನ್ನುವವನ ದನಿ ಕುಬ್ರಿಕ್‌ನದೇ. ಹುಡುಗರು ಬೆಂಕಿಯಲ್ಲಿ, ಆತ ಎಲ್ಲೋ ದೂರದಲ್ಲಿ. ಸೆಟ್ಟಿನಲ್ಲೂ ಹಾಗೇ ಇದ್ದನೋ ಏನೋ!

ನೀವು ಬರೆಯುವುದೆಲ್ಲ ವಿದೇಶದ್ದು. ಸ್ವಂತ ಕಥೆಯಲ್ಲಿ ತಾನೇ ಪಾತ್ರವಾದ ಮೊದಲನೆಯವರು ವ್ಯಾಸರು. ಅದೂ ಯುದ್ಧದ ಕಥೆಯೇ. ಮರೆತುಹೋಯಿತೇ?
*ಮೂಡಲಪಾಯ ಯಕ್ಷಗಾನ ಕಲಾವಿದರು, ತಿಪಟೂರು ತಾಲ್ಲೂಕು*

ಯಜಮಾನರೇ, ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವ್ಯಾಸರು ಬರೀ ಹಾದು ಹೋಗುವವರಲ್ಲ. ಧೃತರಾಷ್ಟ್ರ, ಪಾಂಡು ಇಬ್ಬರಿಗೂ ತಂದೆ ಅವರೇ. ಎದುರುಬದುರು ನಿಂತು ಹೊಡೆದಾಡುವ ಕೌರವರೂ ಪಾಂಡವರೂ ಅವರ ಮೊಮ್ಮಕ್ಕಳು. ಸಂಜಯನಿಗೆ ದಿವ್ಯದೃಷ್ಟಿ ಕೊಟ್ಟು ಯುದ್ಧ ತೋರಿಸುವವರೂ ಅವರೇ. ನನ್ನ ಭಾಷೆಯಲ್ಲಿ ಹೇಳುವುದಾದರೆ ಸಂಜಯನೂ ಒಬ್ಬ ಆಪರೇಟರ್, ಧೃತರಾಷ್ಟ್ರನ ಒಬ್ಬರ ಆಟ. ಕಥೆ ಕಟ್ಟಿದವನೇ ತಡೆಯಲಾಗದ ಯುದ್ಧ ಅದು. ಸ್ಟೋನ್ ಬಂಕರಿನಲ್ಲಿ ಸತ್ತು ತಪ್ಪಿಸಿಕೊಂಡ. ವ್ಯಾಸರಿಗೆ ಸಾವೂ ಇಲ್ಲ, ಚಿರಂಜೀವಿ. ನೋಡುತ್ತಲೇ ಇರಬೇಕು.

ನಿಮ್ಮ ಆಟದ್ದೇ ಇನ್ನೊಂದು ಮಾತು. ವೇಷ ರಂಗಕ್ಕೆ ಬಂದ ತಕ್ಷಣ ಭಾಗವತರು ಕೇಳುತ್ತಾರಲ್ಲ, ತಾವು ಯಾರು, ಯಾವ ಊರು, ಬಂದ ಕಾರಣ ಏನು ಅಂತ? ಹಾಡಿಸುವವರು ಅವರೇ, ಆಡಿಸುವವರೂ ಅವರೇ. ಏನೂ ಗೊತ್ತಿಲ್ಲದವರ ಹಾಗೆ ಕೇಳುತ್ತಾರೆ. ಸೂಯೆಜ್ ದಡದಲ್ಲಿ ಲೀನ್ ಮಾಡಿದ್ದು ಅದನ್ನೇ. ವ್ಯತ್ಯಾಸ ಇಷ್ಟೇ. ನಿಮ್ಮ ರಾಜ ಎದೆ ತಟ್ಟಿ ಹೆಸರು ಹೇಳುತ್ತಾನೆ. ಲಾರೆನ್ಸ್‌ಗೆ ಹೇಳಲು ಆಗಲಿಲ್ಲ.

ಟರಂಟಿನೊ?
*ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು*

ಒಂದೇ ಪದದ ಪ್ರಶ್ನೆಗೆ ಸಣ್ಣ ಉತ್ತರ. 2009ರ 'ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್'ನಲ್ಲಿ ಒಬ್ಬ ನಟಿಯ ಕತ್ತು ಹಿಸುಕುವ ಕೈಗಳು ಅವನವು. ಆ ಶಾಟಿನಲ್ಲಿ ಮುಖ ಇಲ್ಲ, ಕೈ ಮಾತ್ರ. ಅದರ ಅರ್ಥ ಹುಡುಕಲು ನನಗೆ ಮನಸ್ಸಿಲ್ಲ.

ಕನ್ನಡದಲ್ಲಿ ಸೈನಿಕರ ಸಿನಿಮಾ ನೋಡಬೇಕು ಅಂದರೆ ಮಕ್ಕಳಿಗೆ ಯಾವುದು ತೋರಿಸಲಿ?
*ಅಂಗನವಾಡಿ ಶಿಕ್ಷಕಿ, ಪಾವಗಡ*

'ಮುತ್ತಿನ ಹಾರ', 1990. ನಿರ್ದೇಶನ ರಾಜೇಂದ್ರ ಸಿಂಗ್ ಬಾಬು. ವಿಷ್ಣುವರ್ಧನ್, ಸುಹಾಸಿನಿ. ಕೊಡಗಿನ ಸೈನಿಕನ ಕಥೆ, ಹಂಸಲೇಖ ಅವರ ಹಾಡುಗಳು. ತೀರಾ ಚಿಕ್ಕ ಮಕ್ಕಳಿಗೆ ಬೇಡ, ಅಳುತ್ತವೆ. ದೊಡ್ಡವರೂ ಅತ್ತಿದ್ದಾರೆ. ಇಂಟರ್‌ವಲ್‌ನಲ್ಲಿ ಯಾರೂ ಕಡಲೆಕಾಯಿ ಕೊಳ್ಳಲಿಲ್ಲ ಅಂತ ನಮ್ಮ ಕ್ಯಾಂಟೀನಿನವನು ಗೊಣಗಿದ್ದ.

'ಪ್ಲಟೂನ್' ಅನ್ನು ನಾನು ನಿಮ್ಮ ಥಿಯೇಟರಿನಲ್ಲೇ ನೋಡಿದ್ದು, ಕಾಲೇಜಿಗೆ ಚಕ್ಕರ್ ಹೊಡೆದು. ಬಂಕರ್ ಸೀನಿನ ಹತ್ತಿರ ಪರದೆ ಬೆಳ್ಳಗಾಯಿತು, ನಾವೆಲ್ಲ ಶಿಳ್ಳೆ ಹಾಕಿದೆವು. ಮತ್ತೆ ಶುರುವಾದಾಗ ಬಂಕರ್ ಇರಲಿಲ್ಲ. ನಿಮ್ಮ ನಿರ್ದೇಶಕರು ಅಲ್ಲಿ ಇದ್ದಿದ್ದು ಹೌದಾ, ಇಲ್ಲಾ ನೀವೇ ಕತ್ತರಿಸಿದ್ದಾ?
*ವಕೀಲರು, ಕ್ಯಾತ್ಸಂದ್ರ*

ವಕೀಲರೇ, ಇಷ್ಟು ವರ್ಷ ಆದ ಮೇಲೆ ಸಿಕ್ಕಿಬಿದ್ದೆ. ನೀವು ಬಂದದ್ದು ಗುರುವಾರ, ಕೊನೆಯ ದಿನ.

ವಿಷಯ ಹೀಗೆ. ನಮಗೆ ಬಂದ ಪ್ರಿಂಟಿನಲ್ಲಿ ಒಂದು ರೀಲು ಆ ಜಾಗದ ಹತ್ತಿರವೇ ಮುಗಿಯುತ್ತಿತ್ತು. ರೀಲು ಮುಗಿಯುವಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಪ್ರೊಜೆಕ್ಟರಿನ ಮೋಟಾರ್ ಹಾಕಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಛೇಂಜ್ ಓವರ್. ಹಾಗಾಗಿ ರೀಲಿನ ಕೊನೆಯನ್ನು ಆಪರೇಟರ್ ಕಣ್ಣು ಮುಚ್ಚದೆ ನೋಡಲೇಬೇಕು. ನನಗೆ ಆ ಅಧಿಕಾರಿಯ ಮುಖ ಬಾಯಿಪಾಠ ಆದದ್ದೂ ಹೀಗೆ. ಎಲ್ಲ ಊರಲ್ಲೂ ಎಲ್ಲರ ಕೈಯಾಡುವ ಜಾಗವೂ ಅದೇ, ಜಾಸ್ತಿ ಹರಿಯುವ ಜಾಗವೂ ಅದೇ.

ನಮ್ಮಲ್ಲಿ ಮಂಗಳವಾರ ಒಂದು ಸಲ ಕಿತ್ತು ಬಂತು. ಬ್ಲೇಡಿನಲ್ಲಿ ಕೆರೆದು, ಸಿಮೆಂಟ್ ಹಚ್ಚಿ ಜಾಯಿಂಟ್ ಹಾಕಿದೆ. ಒಂದು ಜಾಯಿಂಟಿಗೆ ಎರಡು ಮೂರು ಫ್ರೇಮು ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮು, ಯಾರಿಗೂ ಗೊತ್ತಾಗುವುದಿಲ್ಲ. ಗುರುವಾರ ಕಿತ್ತಾಗ ಅಂಚಿನ ತೂತುಗಳೇ ಹರಿದಿದ್ದವು. ಅಷ್ಟು ಉದ್ದ ತೆಗೆಯದೆ ಬೇರೆ ದಾರಿ ಇರಲಿಲ್ಲ. ಮ್ಯಾಟಿನಿಗೆ ಹೊರಗೆ ಕ್ಯೂ ನಿಂತಿತ್ತು. ಕೆಳಗಿನಿಂದ ಮ್ಯಾನೇಜರ್ "ಬೇಗ ಬಿಡಯ್ಯ" ಅಂತ ಕೂಗುತ್ತಿದ್ದ. ಕತ್ತರಿಸಿದೆ. ಅಂದರೆ, ಆಲಿವರ್ ಸ್ಟೋನ್ ಆ ದಿನ ತುಮಕೂರಿನಲ್ಲಿ ಬಾಂಬಿಗೆ ಸಾಯಲಿಲ್ಲ. ನನ್ನ ಕೈಯಲ್ಲಿ ಸತ್ತ.

ಕತ್ತರಿಸಿದ ತುಂಡುಗಳನ್ನು ಆಗ ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತಿದ್ದೆ, ಬೀದಿ ಹುಡುಗರಿಗೆ ಕೊಡುವುದಕ್ಕೆ. ಭೂತಗನ್ನಡಿ, ಬಲ್ಬು ಇಟ್ಟು ಗೋಡೆ ಮೇಲೆ ಸಿನಿಮಾ ಬಿಡುತ್ತಿದ್ದರಲ್ಲ, ಅದಕ್ಕೆ. ನಿಮ್ಮ ಕಾಗದ ಬಂದ ಮೇಲೆ ಅಟ್ಟದಿಂದ ಆ ಬಾಟಲಿ ಇಳಿಸಿದೆ. ಮೊಮ್ಮಗಳು ಮೊಬೈಲ್ ಟಾರ್ಚ್ ಹಿಡಿದಳು. ಹೆಚ್ಚಿನವು ಒಂದಕ್ಕೊಂದು ಅಂಟಿಕೊಂಡು ಹುಳಿ ವಾಸನೆ ಬರುತ್ತಿದ್ದವು. ಬಣ್ಣವೆಲ್ಲ ಕೆಂಪಿಗೆ ತಿರುಗಿದೆ. ಅಡಿಯಲ್ಲಿ ಒಂದು ಉದ್ದನೆಯ ತುಂಡು ಸಿಕ್ಕಿತು. ಮುಕ್ಕಾಲು ಪಾಲು ಕತ್ತಲು. ಹತ್ತೊಂಬತ್ತು ಫ್ರೇಮಿನಲ್ಲಿ ಮಾತ್ರ ಒಬ್ಬ ಮನುಷ್ಯ ನಿಂತಿದ್ದಾನೆ.

ಅಧಿಕಾರಿಯೇ ಅಂತ ಪ್ರಮಾಣ ಮಾಡಿ ಹೇಳಲಾರೆ, ನೀವು ಬೇರೆ ವಕೀಲರು. ಸುಬೇದಾರ್ ಸಾಹೇಬರು ಈಗಿಲ್ಲ. ಇದ್ದಿದ್ದರೆ ನಿಂತ ರೀತಿ ನೋಡಿಯೇ ಹೇಳಿಬಿಡುತ್ತಿದ್ದರು. ನೀವು ಒಂದು ಭಾನುವಾರ ಬನ್ನಿ, ಆ ದಿನದ ಬಾಕಿ ಸೀನು ತೋರಿಸುತ್ತೇನೆ. ಬರುವಾಗ ನಿಮ್ಮೂರ ತಟ್ಟೆ ಇಡ್ಲಿ ನಾಲ್ಕು ಕಟ್ಟಿಸಿಕೊಂಡು ಬನ್ನಿ.